ಒಂದೂ ಗಾಡಿ ನಿಲ್ಲದ ರಸ್ತಾ ರೋಕೋ

ನಮ್ಮ ಕಾಕಾ ಎಷ್ಟು ಸಲ ರಸ್ತೆ ಬಂದ್ ಮಾಡಿದ್ದಾರೆ ಎಂದು ಕೇಳಿದರೆ ನಮ್ಮೂರಿನವರು ಬೆರಳು ಮಡಚಿ ಮಡಚಿ ಸುಸ್ತಾಗುತ್ತಾರೆ. ಆ ಬಂದ್‌ಗಳಲ್ಲಿ ಎಷ್ಟು ಬಸ್ಸು ನಿಂತವು ಎಂದು ಕೇಳಿದರೆ ಮಾತ್ರ ಬಹಳ ವರ್ಷ ಒಂದು ಬೆರಳನ್ನೂ ಮಡಚುವ ಹಾಗಿರಲಿಲ್ಲ! ಹೌದು, ನೀವು ಸರಿಯಾಗಿಯೇ ಓದಿದಿರಿ. ವರ್ಷಾನುಗಟ್ಟಲೆ ರಸ್ತೆ ತಡೆದೂ ಒಬ್ಬ ಪ್ರಯಾಣಿಕನ ಐದು ನಿಮಿಷವನ್ನೂ ಹಾಳು ಮಾಡದ ಹೋರಾಟಗಾರ ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು. ಪೊಲೀಸರಿಗಂತೂ ಕಾಕಾ ಎಂದರೆ ಪಂಚಪ್ರಾಣ. ಅವರ ಚಳವಳಿಯ ದಿನ ಠಾಣೆಯಿಂದ ಒಬ್ಬನೇ ಒಬ್ಬ ಹವಾಲ್ದಾರ ಬರುತ್ತಿದ್ದ. ಅವನೂ ಬೇವಿನ ಮರದ ನೆರಳಿಗೆ ಕೂತು, ಕಾಕಾ ಕಟ್ಟಿಸಿಕೊಂಡು ಬಂದ ಚುರಮರಿ ತಿಂದು, "ಛಲೋ ಆತ್ರಿ ಹೋರಾಟ" ಎಂದು ಹೊಗಳಿ ಹೋಗುತ್ತಿದ್ದ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಒಂದು ಕಿಟಕಿಯ ಸಣ್ಣ ಕೋಣೆ, ಕೈಯಲ್ಲಿ ಮೈಕು, ಎದುರಿಗೆ ಗೋಡೆ ಗಡಿಯಾರ. "ಮುಧೋಳ, ಲೋಕಾಪುರ ಮಾರ್ಗವಾಗಿ ಬಾಗಲಕೋಟೆಗೆ ಹೋಗುವ ಗಾಡಿ..." ಎಂದು ಅವರು ಶುರು ಮಾಡಿದರೆ ಕ್ಯಾಂಟೀನಿನಲ್ಲಿದ್ದ ಡ್ರೈವರು ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು ಓಡಿ ಬರುತ್ತಿದ್ದ. ಯಾವ ಗಾಡಿ ಎಷ್ಟಕ್ಕೆ ಬಿಡುತ್ತದೆ, ಎಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಯಾವ ಡ್ರೈವರು ಯಾವ ಹೋಟೆಲಿನ ಮುಂದೆ ಕದ್ದು ನಿಲ್ಲಿಸುತ್ತಾನೆ, ಎಲ್ಲವೂ ಅವರಿಗೆ ಬಾಯಿಪಾಠ. ತಮ್ಮ ಮದುವೆಯ ತಾರೀಖು ಕೇಳಿದರೆ ಕಾಕಿಯ ಮುಖ ನೋಡುತ್ತಿದ್ದರು. ರಾಯಚೂರು ಗಾಡಿಯ ಟೈಮು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದರು.

ಮನೆಯಲ್ಲೂ ಇದೇ ದರ್ಬಾರು! ಮಧ್ಯಾಹ್ನದ ಊಟ ಒಂದು ಗಂಟೆಗೆಂದರೆ ಒಂದೇ ಗಂಟೆಗೆ. ಒಂದು ದಿನ ಕಾಕಿಯ ರೊಟ್ಟಿ ಏಳು ನಿಮಿಷ ತಡವಾಯಿತು. ಕಾಕಾ ಗಂಗಾಳದ ಮುಂದೆ ಕೂತು ಗಡಿಯಾರ ನೋಡಿ ವಿಚಾರಣೆಗೆ ಇಳಿದರು.

"ಏಳು ಮಿನಿಟ್ ಲೇಟ್. ಕಾರಣ?"

ಕಾಕಿ ಒಲೆಯ ಮುಂದಿನಿಂದ ಹೊರಳಿಯೂ ನೋಡಲಿಲ್ಲ. "ಟಾಯರ್ ಪಂಕ್ಚರ್ ಆಗಿತ್ರಿ. ಪ್ರಯಾಣಿಕರು ಸುಮ್ಮ ಕುಂದರ್ರಿ!"

ಇಂಥ ಮನುಷ್ಯ ರಸ್ತೆ ತಡೆಯಲು ಹೊರಟದ್ದು ಹೇಗೆ ಎನ್ನುತ್ತೀರಾ? ಹೇಳುತ್ತೇನೆ. ಆದರೆ ಅದಕ್ಕೆ ಮೊದಲು, ರಸ್ತೆ ತಡೆಯೆಂದರೆ ನನ್ನ ಮೈ ಯಾಕೆ ಉರಿಯುತ್ತಿತ್ತು ಎಂಬುದನ್ನು ಹೇಳಬೇಕು.

ಆಗ ಬಾಗಲಕೋಟೆ ಇನ್ನೂ ಹೊಸ ಜಿಲ್ಲೆ. ನನ್ನ ಬಿ.ಎಡ್. ಮುಗಿದಿತ್ತು. ಬಾಗಲಕೋಟೆಯ ಒಂದು ಹೈಸ್ಕೂಲಿನಿಂದ ಸಂದರ್ಶನಕ್ಕೆ ಕರೆ ಬಂತು. ಕಾಕಾನೇ ನನ್ನನ್ನು ಬೆಳಗಿನ ಗಾಡಿಗೆ ಹತ್ತಿಸಿದರು. ಡ್ರೈವರನ ಹಿಂದಿನ ಸೀಟು ಕೊಡಿಸಿ, ಕಿಟಕಿಯಲ್ಲಿ ಮುಖ ತೂರಿಸಿ, "ತಂಗಿ, ಹತ್ತೂ ಹತ್ತಕ್ಕ ಬಾಗಲಕೋಟಿ ಮುಟ್ಟತಿ. ಹನ್ನೊಂದಕ್ಕ ನಿಂದು ಇಂಟರ್‌ವ್ಯೂ. ನಡುವ ಚಹಾ ಕುಡ್ಯಾಕೂ ಟೈಮ ಐತಿ. ಇದು ನನ್ನ ಗ್ಯಾರಂಟಿ" ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಕೊಟ್ಟ ಒಂದೇ ಒಂದು ಗ್ಯಾರಂಟಿ ಅದು!

ಲೋಕಾಪುರ ಹತ್ತಿರ ಬಂದಾಗ ರಸ್ತೆಯ ಮೇಲೆ ಜಾಲಿಕಂಟಿಯ ಮುಳ್ಳುರಾಶಿ ಬಿದ್ದಿತ್ತು. ಅದರ ಹಿಂದೆ ಉರಿಯುವ ಟಾಯರು, ಅದರ ಹಿಂದೆ ನೂರಾರು ಮಂದಿ. ನಮ್ಮ ಗಾಡಿ ನಿಂತದ್ದು ನಿಂತೇ ಹೋಯಿತು. ನಾನು ಫೈಲು ಎದೆಗೆ ಅವಚಿಕೊಂಡು, ಕೈಗಡಿಯಾರ ನೋಡುತ್ತ ಕೂತೆ. ಹತ್ತಾಯಿತು, ಹನ್ನೊಂದಾಯಿತು, ಹನ್ನೆರಡಾಯಿತು. ನಾನು ಬಾಗಲಕೋಟೆ ಮುಟ್ಟುವಾಗ ಶಾಲೆಯ ಸಿಪಾಯಿ ಕೋಣೆಗೆ ಬೀಗ ಹಾಕುತ್ತಿದ್ದ. "ಮುಗೀತ್ರಿ ಅಕ್ಕೋರ, ಸಾಹೇಬ್ರು ಹೋದ್ರು" ಎಂದ. ಊರಿಗೆ ಬರುವತನಕ ಅತ್ತೆ. ರಸ್ತೆಯಲ್ಲಿ ಕೂತವರು ಯಾರು, ಯಾತಕ್ಕೆ ಕೂತಿದ್ದರು? ನಾನು ಕೇಳಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ. "ಕೆಲಸಿಲ್ಲದ ಮಂದಿ" ಎಂದು ಬೈದುಕೊಂಡೆ, ಅಷ್ಟೇ.

ನನಗಿಂತ ಹೆಚ್ಚು ಪೆಟ್ಟು ತಿಂದವರು ಕಾಕಾ. "ನಾ ಹತ್ತಿಸಿದ ಗಾಡಿ, ನಾ ಮುಟ್ಟಸ್ಲಿಲ್ಲ" ಎಂದು ತಾವೇ ಜಾಲಿಕಂಟಿ ಹಾಕಿದವರ ಹಾಗೆ ಒದ್ದಾಡಿದರು. ಮರುವರ್ಷ ಜಮಖಂಡಿಯಲ್ಲೇ ಒಂದು ಹೈಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿತು, ಮದುವೆಯಾಗಿ ಅಲ್ಲೇ ಮನೆ ಮಾಡಿದೆ. ಆ ತಪ್ಪಿದ ಸಂದರ್ಶನವನ್ನು ನಾನು ಮರೆತರೂ ಕಾಕಾ ಮರೆಯಲಿಲ್ಲ.

ಇನ್ನು ನಮ್ಮೂರಿನ ಪೂಲಿನ ಕಥೆ. ಪೂಲು ಎಂದರೆ ಸೇತುವೆ. ನಮ್ಮೂರು ಕೃಷ್ಣೆಯ ದಂಡೆಯ ಹಳ್ಳಿ. ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ದೊಡ್ಡ ರಸ್ತೆಯ ಕ್ರಾಸಿನಲ್ಲಿ ಇಳಿದು ಒಂದು ಹಳ್ಳ ದಾಟಿದರೆ ಊರು. ಆ ಹಳ್ಳದ ಮೇಲಿನ ಪೂಲು ಮೊಳಕಾಲೆತ್ತರದ್ದು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹಿನ್ನೀರು ಹಳ್ಳಕ್ಕೆ ನುಗ್ಗಿ ಪೂಲು ನೀರಿನಡಿ ಹೋಗುತ್ತದೆ. ಹೋದರೆ ಎರಡು ಮೂರು ತಿಂಗಳು ಮೇಲೆ ಬರುವುದಿಲ್ಲ. ಗಂಡಸರು ತೆಪ್ಪದಲ್ಲಿ ದಾಟುತ್ತಾರೆ. ಹೆಣ್ಣುಮಕ್ಕಳನ್ನು ತೆಪ್ಪದಲ್ಲಿ ಕಳಿಸಲು ಯಾವ ತಾಯಿ ಒಪ್ಪುತ್ತಾಳೆ? ನನ್ನ ಹಾಜರಿ ಪುಸ್ತಕದಲ್ಲಿ ನಮ್ಮೂರ ಹುಡುಗಿಯರ ಹೆಸರಿನ ಮುಂದೆ ಶ್ರಾವಣ ಪೂರ್ತಿ ಗೈರು, ಭಾದ್ರಪದ ಪೂರ್ತಿ ಗೈರು. ಎರಡು ವರ್ಷ ಹೀಗಾದರೆ ಮೂರನೆಯ ವರ್ಷ ಹೆಸರೇ ಇರುತ್ತಿರಲಿಲ್ಲ.

ಪೂಲು ಎತ್ತರಿಸಿರಿ ಎಂದು ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಊರಿನವರು ಹೋರಾಟ ಸಮಿತಿ ಕಟ್ಟಿದರು. ಕಟ್ಟಿದವನು ನಮ್ಮ ಎದುರು ಮನೆಯ ಬಸಪ್ಪ. ಕಬ್ಬು ಬೆಳೆಯುವ ರೈತ, ಮಾತೆತ್ತಿದರೆ ಬೆಂಕಿ. ಅಧ್ಯಕ್ಷರನ್ನಾಗಿ ಆಗತಾನೇ ನಿವೃತ್ತರಾಗಿದ್ದ ನಮ್ಮ ಕಾಕಾನನ್ನು ಹಿಡಿದ. ಗಾಡಿಗಳ ನಾಡಿ ಬಲ್ಲವರು, ಅಧಿಕಾರಿಗಳ ಪರಿಚಯವಿದ್ದವರು, ಮೈಕಿಲ್ಲದೆ ಒಂದು ಫರ್ಲಾಂಗು ಕೇಳಿಸುವ ದನಿಯವರು. ಇನ್ನೇನು ಬೇಕು?

ಮೊದಲ ರಸ್ತಾ ರೋಕೋ ಕ್ರಾಸಿನಲ್ಲಿ ನಡೆಯಿತು. ದಿನ ಬಸಪ್ಪನ ಆಯ್ಕೆ, ಟೈಮು ಕಾಕಾನ ಆಯ್ಕೆ. ಹನ್ನೊಂದೂ ಹತ್ತರಿಂದ ಹನ್ನೊಂದೂ ನಲವತ್ತರವರೆಗೆ. ಮಂದಿ ಸಡಗರದಿಂದ ಬಂದು ರಸ್ತೆಯ ಮೇಲೆ ಜಮಖಾನೆ ಹಾಸಿ ಕೂತರು. ಘೋಷಣೆ ಕೂಗಿದರು. ಅರ್ಧ ತಾಸು ಕೂಗಿದರು. ಒಂದು ಬಸ್ಸಿಲ್ಲ! ಬಂದ ಮೂರ್ನಾಲ್ಕು ಸೈಕಲ್ ಮೋಟಾರಿಗೆ ಕಾಕಾನೇ ಎದ್ದು, "ಬಾಜೂಕ ಸರೀರಿ, ಹಾದಿ ಬಿಡ್ರಿ" ಎಂದು ದಾರಿ ಮಾಡಿಸಿದರು. ಬನಹಟ್ಟಿಯಿಂದ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಂದಿದ್ದ. ರಸ್ತೆಯ ಎರಡೂ ಕಡೆ ನೋಡಿದ. ಆಚೆ ಒಂದು ಎಮ್ಮೆ, ಈಚೆ ಎರಡು ಎಮ್ಮೆ.

"ಅಜ್ಜಾರ, ನೀವು ತಡದ ಗಾಡಿ ಎಲ್ಲದಾವ್ರಿ?"

"ಗಾಡಿ ಇಲ್ಲದ ಟೈಮ ನೋಡೇ ಕುಂತೇವ್ರಿ. ಹನ್ನೊಂದೂ ನಲವತ್ತೆರಡಕ್ಕ ಮಹಾಲಿಂಗಪುರ ಗಾಡಿ ಐತಿ. ಅಷ್ಟರಾಗ ಏಳ್ತೇವಿ."

ಪಾಪ, ಆತ ಬರಿಗೈಯಲ್ಲಿ ಹೋಗುವುದಾದರೂ ಹೇಗೆ? ಕೊನೆಗೆ ತನ್ನದೇ ಸೈಕಲ್ ಮೋಟಾರು ತಂದು ಜನರ ಮುಂದೆ ನಿಲ್ಲಿಸಿ, ಅದನ್ನೇ ತಡೆದ ಹಾಗೆ ಫೋಟೋ ಹೊಡೆದುಕೊಂಡು ಹೋದ. ಮರುದಿನ ಪತ್ರಿಕೆಯಲ್ಲಿ 'ಸಂಚಾರ ಅಸ್ತವ್ಯಸ್ತ' ಎಂದು ಬಂತು. ಕಾಕಾ ಅದನ್ನು ಓದಿ ಕೆಂಡವಾದರು. ಇದು ಸುಳ್ಳು ಸುದ್ದಿ, ತಿದ್ದುಪಡಿ ಹಾಕಿ ಎಂದು ಪತ್ರಿಕೆಗೆ ಕಾರ್ಡು ಬರೆದರು!

ನನಗೆ ಬಂದ ನಗು ಅಷ್ಟಿಷ್ಟಲ್ಲ. ಆದರೆ ಆ ಹನ್ನೊಂದೂ ಹತ್ತರ ಲೆಕ್ಕಾಚಾರದ ಹಿಂದೆ ಲೋಕಾಪುರದಲ್ಲಿ ಫೈಲು ಹಿಡಿದು ಕೂತ ನಾನೇ ಇದ್ದೇನೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಕಾಕಾನ ಮುಂದೆ ನಗಲಿಲ್ಲ.

ಆಮೇಲೆ ಸರದಿ ಉಪವಾಸ ಶುರುವಾಯಿತು. ಜಮಖಂಡಿಯಲ್ಲಿ ತಾಲೂಕು ಕಚೇರಿಯ ಮುಂದೆ ಪೆಂಡಾಲು ಹಾಕಿ, ದಿನಕ್ಕೊಬ್ಬರಂತೆ ಕೂರುವುದು. ಕಾಕಾ ತಮ್ಮ ಸರದಿಗೆ ಶ್ರಾವಣ ಸೋಮವಾರವನ್ನೇ ಆರಿಸಿಕೊಂಡರು. ಹೇಗೂ ಆ ದಿನ ಅವರದು ಉಪವಾಸ. ಒಂದರಲ್ಲಿ ಎರಡು ಕೆಲಸ! ಮಧ್ಯಾಹ್ನ ಎರಡು ಗಂಟೆಗೆ ಅಧಿಕಾರಿಯೊಬ್ಬರು ಕರುಣೆ ಉಕ್ಕಿ, ಲಿಂಬೆ ಶರಬತ್ತಿನ ಗ್ಲಾಸು ಹಿಡಿಸಿಕೊಂಡು, ಸತ್ಯಾಗ್ರಹಿಯ ಉಪವಾಸ ಮುರಿಸಲು ಬಂದರು. ಬಂದು ನೋಡಿದರೆ ಸತ್ಯಾಗ್ರಹಿ ಶೇಂಗಾ ಹಾಕಿದ ಸಾಬುದಾಣಿ ಖಿಚಡಿಯ ಡಬ್ಬಿ ತೆರೆದು ಮೂರನೆಯ ತುತ್ತಿನಲ್ಲಿದ್ದರು. ಡಬ್ಬಿ ತಂದು ಕೊಟ್ಟವಳು ನಾನೇ, ಸುಳ್ಳು ಯಾಕೆ ಹೇಳಲಿ.

"ಏನ್ರೀ ಯಜಮಾನ್ರ, ಉಪವಾಸ ಅಂದ್ರಿ?"

ಕಾಕಾ ನಿಷ್ಕಲ್ಮಷ ಮುಖ ಮಾಡಿ, "ಉಪವಾಸಕ್ಕ ಇದು ನಡೀತೈತ್ರಿ ಸಾಹೇಬ್ರ. ಇದ್ರಾಗ ಉಳ್ಳಾಗಡ್ಡಿ ಹಾಕಿಲ್ಲ" ಎಂದರು. ಸಾಹೇಬರಿಗೂ ಸ್ವಲ್ಪ ಕೊಡು ತಂಗಿ ಎಂದು ನನಗೆ ಹೇಳಿದರು. ಶರಬತ್ತನ್ನು ಆ ಸಾಹೇಬರೇ ಕುಡಿದರು.

ಬನಹಟ್ಟಿ ಬಂದ್ ಕಥೆ ಇನ್ನೂ ಚೆನ್ನಾಗಿದೆ. ಸುತ್ತಲಿನ ಹಳ್ಳಿಗಳೆಲ್ಲ ಸೇರಿ ಪೇಟೆ ಬಂದ್ ಮಾಡಿಸಬೇಕೆಂದು ನಿರ್ಧರಿಸಿದರು. ದಿನ ಗೊತ್ತು ಮಾಡುವ ಕೆಲಸ ಕಾಕಾನಿಗೆ ಬಿತ್ತು. ಕಾಕಾ ಯಾವ ದಿನ ಗೊತ್ತು ಮಾಡಿದರು ಊಹಿಸಿ! ಪೇಟೆಯ ಅಂಗಡಿಗಳಿಗೆ ವಾರದ ರಜೆ ಇದ್ದ ದಿನ. ವ್ಯಾಪಾರಸ್ಥರೆಲ್ಲ ಮನೆಯಲ್ಲಿ ಕಾಲು ಚಾಚಿ ಮಲಗಿಯೇ ಹೋರಾಟಕ್ಕೆ ಪೂರ್ಣ ಬೆಂಬಲ ಕೊಟ್ಟರು. ನೂರಕ್ಕೆ ನೂರು ಬಂದ್ ಯಶಸ್ವಿಯಾಗಿದ್ದು ನಮ್ಮ ಕಡೆ ಅದೊಂದೇ ಸಲ.

ಬಸಪ್ಪ ತಲೆ ತಲೆ ಚಚ್ಚಿಕೊಂಡ. ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಇಬ್ಬರಿಗೂ ಜೋರು ವಾದ ಹತ್ತಿತು. ನಾನು ಅಂದು ಊರಿಗೆ ಬಂದಿದ್ದೆ.

"ಕಾಕಾರ, ಯಾರಿಗೂ ತ್ರಾಸ ಆಗದಿದ್ದರ ಅದು ಹೋರಾಟ ಹ್ಯಾಂಗ ಆಗ್ತೈತ್ರಿ? ಸರ್ಕಾರಕ್ಕ ಬಿಸಿ ಮುಟ್ಟಬೇಕ್ರಿ."

"ಸರ್ಕಾರ ಏನ ಬಸ್ಸಿನ್ಯಾಗ ಬರತೈತೇನೋ? ಬಸ್ಸಿನ್ಯಾಗ ಬರಾವರು ದವಾಖಾನಿಗೆ ಹೋಗಾವರು, ಕೋರ್ಟಿಗೆ ಹೋಗಾವರು, ಪರೀಕ್ಷಾಕ್ಕ ಹೋಗೂ ಹುಡುಗೂರು. ಸರ್ಕಾರದ ಮ್ಯಾಲಿನ ಸಿಟ್ಟು ಅವರ ಮ್ಯಾಲ ಯಾಕ ತೀರಿಸೂದು?"

"ಮತ್ತ ಅವರು ಒದರಿದರನ ಸರ್ಕಾರಕ್ಕ ಕೇಳಸ್ತೈತ್ರಿ. ನಾವು ಒದರಿದ್ದು ಎಷ್ಟು ವರ್ಷ ಆತು, ಕೇಳಸ್ತೇನ್ರಿ?"

ನಾನು ಒಳಗೊಳಗೇ ಕಾಕಾನ ಪಕ್ಷ. ಆದರೆ ನಿಜ ಹೇಳಬೇಕೆಂದರೆ, ಬಸಪ್ಪನ ಕೊನೆಯ ಮಾತು ನನಗೂ ಖರೆ ಅನಿಸಿತು.

ಆ ಮಾತಿಗೆ ಇನ್ನೊಂದು ಮಾತು ಸೇರಿಸಿದವಳು ಬಸಪ್ಪನ ಮಗಳು ಸಾವಿತ್ರಿ. ಒಂಬತ್ತನೆಯ ತರಗತಿ ಮುಗಿಸಿದ್ದಳು, ನನ್ನ ವಿದ್ಯಾರ್ಥಿನಿ. ಓದಿನಲ್ಲಿ ಚುರುಕು. ಈ ಸಲ ಹತ್ತನೆಯದು. ಆದರೆ ಬಸಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಮಳೆಗಾಲದ ಮೊದಲು ಪೂಲಿನದು ಏನೂ ಆಗದಿದ್ದರೆ ಮಗಳ ಶಾಲೆ ಸಾಕು. ಹೋದ ವರ್ಷ ತೆಪ್ಪ ನಡುನೀರಿನಲ್ಲಿ ಓಲಾಡಿದ್ದನ್ನು ಕಣ್ಣಾರೆ ಕಂಡ ತಂದೆ ಅವನು. ಅವನನ್ನು ಬೈಯುವುದಾದರೂ ಹೇಗೆ?

ಸಾವಿತ್ರಿ ಕಟ್ಟೆಯ ಕೆಳಗೆ ನಿಂತು ಎಲ್ಲ ಕೇಳಿದಳು. ಆಮೇಲೆ ಮೆಲ್ಲಗೆ, "ಅಜ್ಜಾ, ನಿಮ್ಮ ರೋಕೋದಾಗ ಯಾರ ಗಾಡೀನೂ ತಪ್ಪಂಗಿಲ್ಲಂತಲ್ರೀ" ಎಂದಳು.

"ಇಲ್ಲ ನಮ್ಮವ್ವಾ. ಒಂದೂ ತಪ್ಪಂಗಿಲ್ಲ" ಎಂದರು ಕಾಕಾ, ಹೆಮ್ಮೆಯಿಂದ.

"ನನ್ನ ಸಾಲಿ ತಪ್ಪತೈತಲ್ರೀ. ಅದನ್ನ ಯಾರೂ ಲೆಕ್ಕಕ್ಕ ಹಿಡ್ಯಂಗಿಲ್ಲೇನ್ರೀ?"

ಅಂದು ಕಾಕಾ ಊಟಕ್ಕೆ ಏಳಲಿಲ್ಲ. ಗಡಿಯಾರವನ್ನೂ ನೋಡಲಿಲ್ಲ. ಕಾಕಿ ಎರಡು ಸಲ ಕರೆದು ಗಂಗಾಳ ಮುಚ್ಚಿಟ್ಟಳು. ಮರುದಿನ ಬೆಳಿಗ್ಗೆ ಬಸಪ್ಪನ ಬಾಗಿಲಿಗೆ ಹೋಗಿ ಹೇಳಿದರಂತೆ, "ಬರೂ ಗುರುವಾರ. ಮುಂಜಾನಿ ಎಂಟೂವರಿ. ಗಾಡಿ ಭಾಳ ಇರೂ ಟೈಮ."

ನಿಜವಾಗಿ ರಸ್ತೆ ತಡೆಯುವುದೆಂದರೆ ಕಾಕಾನಿಗೆ ಹಿಂಸೆ. ಆ ಒಂದು ವಾರ ಅವರು ಮಾಡಿದ ಸಿದ್ಧತೆ ಏನೆಂದು ತಿಳಿದಿರಿ? ಜನ ಕೂಡಿಸುವುದಲ್ಲ, ಜನರನ್ನು ತಪ್ಪಿಸುವುದು! ಊರೂರಿಗೆ ಹೋಗಿ, "ಗುರುವಾರ ನಾವು ಗಾಡಿ ತಡ್ಯಾವರದೀವಿ, ನೀವು ಬುಧವಾರನ ಹೋಗಿ ಬರ್ರಿ" ಎಂದು ಹೇಳಿ ಬಂದರು. ಕೊನೆಗೆ ಜಮಖಂಡಿಯ ಬಸ್ ಸ್ಟ್ಯಾಂಡಿಗೇ ಹೋದರು. ಹೊಸ ಕಂಟ್ರೋಲರ್ ಇವರ ಕೈಕೆಳಗೆ ಕಲಿತ ಹುಡುಗ. ಗೌರವದಿಂದ ಎದ್ದು ಕುರ್ಚಿ ಕೊಟ್ಟ. ಕಾಕಾ ಕುರ್ಚಿಯಲ್ಲಿ ಕೂತು ಅಭ್ಯಾಸಬಲದಿಂದ ಮೈಕು ಎತ್ತಿಯೇ ಬಿಟ್ಟರು!

"ಪ್ರಯಾಣಿಕರ ಗಮನಕ್ಕೆ. ಗುರುವಾರ ಮುಂಜಾನೆ ಎಂಟೂವರೆಗೆ ಬನಹಟ್ಟಿ ಮಾರ್ಗದಲ್ಲಿ ರಸ್ತಾ ರೋಕೋ ಹೊರಡುತ್ತದೆ. ಪ್ರಯಾಣಿಕರಿಗೆ ಆಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ರಸ್ತಾ ರೋಕೋ 'ಹೊರಡುತ್ತದೆ' ಎಂದು ಜಗತ್ತಿನಲ್ಲಿ ಯಾರಾದರೂ ಹೇಳಿದ್ದುಂಟೆ? ಶಾಲೆಯ ಕೋಣೆಯಲ್ಲಿ ನಮ್ಮ ಸಹೋದ್ಯೋಗಿಗಳು ಇದನ್ನು ಹೇಳಿ ಹೇಳಿ ನಕ್ಕರು. ನಾನೂ ನಕ್ಕೆ. ಆದರೆ ಗುರುವಾರ ಶಾಲೆಗೆ ರಜೆ ಹಾಕಿ, ಬೆಳಕು ಹರಿಯುವ ಮೊದಲೇ ಕ್ರಾಸಿಗೆ ಹೋದೆ. ಘೋಷಣೆ ಕೂಗಲು ಅಲ್ಲ, ಬರೀ ನೋಡಲು ಎಂದು ನನಗೆ ನಾನೇ ಹೇಳಿಕೊಂಡೆ.

ಎಂಟೂವರೆಗೆ ಸರಿಯಾಗಿ ಮೊದಲ ಗಾಡಿ ಬಂತು. ಬಸಪ್ಪನ ಕಡೆಯವರು ಜಾಲಿಕಂಟಿ ಎಳೆದರು. ಗಾಡಿ ನಿಂತಿತು. ಕಾಕಾ ಡ್ರೈವರನ ಹತ್ತಿರ ಹೋಗಿ ಕೈ ಮುಗಿದರು. ಒಂದಾದ ಮೇಲೊಂದು ಗಾಡಿ ಬಂದು ನಿಂತವು. ಕಿಟಕಿಗಳಿಂದ ಬೈಗುಳ ಸುರಿಯತೊಡಗಿತು. "ಕೆಲಸಿಲ್ಲದ ಮಂದಿ!" ಎಂದು ಒಬ್ಬ ಹ್ಯಾಟಿನವನು ಕಿರುಚಿದ. ಲೋಕಾಪುರದಲ್ಲಿ ನಾನು ಅಂದದ್ದೂ ಇದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಳೆಗಾಲದಲ್ಲಿ ಇಲ್ಲಿ ಬಂದು ನೋಡಪ್ಪ ಎನ್ನಬೇಕೆಂದು ಬಾಯಿಗೆ ಬಂತು. ಹಾಗಾದರೆ ಅಂದು ಲೋಕಾಪುರದವರು ಯಾತಕ್ಕೆ ಕೂತಿದ್ದರು? ಅಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಆ ಪ್ರಶ್ನೆ ಬಂತು. ಉತ್ತರ ಇವತ್ತಿಗೂ ಗೊತ್ತಿಲ್ಲ, ಅದಕ್ಕೆ ನಾಚಿಕೆಯಾಗುತ್ತದೆ.

ಕಾಕಾ ಮಾತ್ರ ಪ್ರತಿ ಗಾಡಿಯನ್ನೂ ಹತ್ತಿ, "ಯಾರಿಗರೆ ಭಾಳ ಅರ್ಜಂಟ್ ಐತೇನ್ರಿ?" ಎಂದು ಕೇಳತೊಡಗಿದರು. ಯಾರಿಗೆ ಇರುವುದಿಲ್ಲ ಹೇಳಿ! ಒಬ್ಬನಿಗೆ ಕೋರ್ಟು, ಒಬ್ಬಳಿಗೆ ಮದುವೆ, ಹ್ಯಾಟಿನವನಿಗೆ ಹಲ್ಲು ನೋವು. ನಾಲ್ಕನೆಯ ಗಾಡಿಯಲ್ಲಿ ಒಬ್ಬ ಯುವಕ ಪ್ಲಾಸ್ಟಿಕ್ ಫೈಲು ಹಿಡಿದು ಬಾಗಿಲಲ್ಲೇ ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ಬೆಳಗಾವಿಗೆ ಹೋಗಬೇಕ್ರಿ. ಎರಡಕ್ಕ ಇಂಟರ್‌ವ್ಯೂ ಐತ್ರಿ."

ಇಂಟರ್‌ವ್ಯೂ! ಆ ಶಬ್ದ ಕೇಳಿದ್ದೇ ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಬೇರೆ ಯಾರನ್ನೂ ಕೇಳಲಿಲ್ಲ. ತಮ್ಮ ಹಳೆಯ ಮೊಪೆಡ್ ಹೊರಳಿಸಿ, "ಹತ್ತಪಾ" ಎಂದರು. ಬಸಪ್ಪನಿಗೆ, "ಬನಹಟ್ಟಿ ಸ್ಟ್ಯಾಂಡಿಗೆ ಬಿಟ್ಟು ಅರ್ಧ ತಾಸಿನ್ಯಾಗ ಬಂದೆ. ನಾ ಬರೂತನಕ ಒಬ್ಬರೂ ಏಳಬಾರದು" ಎಂದು ಅಪ್ಪಣೆ ಕೊಟ್ಟು ಹೊರಟೇ ಹೋದರು. ಬಸಪ್ಪ ಬಾಯಿ ಬಿಟ್ಟುಕೊಂಡು ನಿಂತ.

ಬನಹಟ್ಟಿ ಮುಟ್ಟುವಾಗ ಬೆಳಗಾವಿ ಗಾಡಿ ಬಿಟ್ಟು ಹೋಗಿತ್ತಂತೆ. ಬೇರೆಯವರಾಗಿದ್ದರೆ ಅಲ್ಲಿಗೆ ಕೈ ಬಿಡುತ್ತಿದ್ದರು. ಆದರೆ ಆ ಡ್ರೈವರು ಮುಂದೆ ಯಾವ ಹೋಟೆಲಿನ ಹತ್ತಿರ ಕದ್ದು ಚಹಾಕ್ಕೆ ನಿಲ್ಲಿಸುತ್ತಾನೆಂಬುದು ಕಾಕಾನಿಗೆ ಗೊತ್ತಿತ್ತಲ್ಲ! ಅಲ್ಲಿಯವರೆಗೂ ಬೆನ್ನು ಹತ್ತಿದರು. ಗಾಡಿ ಸಿಕ್ಕಿತು, ಯುವಕ ಹತ್ತಿದ. ಬರುವಾಗ ಮೊಪೆಡ್ ಕೆಟ್ಟಿತು.

ಇತ್ತ ಕ್ರಾಸಿನಲ್ಲಿ ಹತ್ತು ಗಂಟೆಗೆ ತಾಲೂಕಿನ ಸಾಹೇಬರು ಬಂದರು. "ಮನವಿ ಕೊಡ್ರಿ, ನಾ ಮ್ಯಾಲೆ ಕಳಸ್ತೀನಿ. ನಿಮ್ಮ ಅಧ್ಯಕ್ಷರೆಲ್ಲಿ?"

ಬಸಪ್ಪ ತಲೆ ಕೆರೆದುಕೊಂಡ. "ಗಾಡಿ ಹಿಡಿಸಾಕ ಹೋಗ್ಯಾರ್ರಿ."

"ಯಾವ ಗಾಡಿ?"

"ನಾವು ತಡದಿದ್ರಿಂದ ತಪ್ಪಿದ ಗಾಡಿರಿ."

ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ಜನರಿಗೆ ಮಾತ್ರ ಒಂದೇ ಅರ್ಥವಾಗಿತ್ತು: ಅಧ್ಯಕ್ಷರು ಬರುವತನಕ ಏಳಬಾರದು. ಕಾಕಾ ಕೊಟ್ಟ ಟೈಮು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಈಗ ಬಂದಾರು, ಆಗ ಬಂದಾರು ಎಂದು ಕಾದರು. ಹತ್ತೂವರೆಯಾಯಿತು, ಹನ್ನೊಂದಾಯಿತು. ಗಾಡಿಗಳ ಸಾಲು ಎರಡೂ ಕಡೆ ಕಣ್ಣಿಗೆ ಕಾಣದಷ್ಟು ಬೆಳೆಯಿತು. ಎಲ್ಲೆಲ್ಲಿಂದಲೋ ಫೋನುಗಳು ಹೋದವು. ಬಾಗಲಕೋಟೆಯಿಂದ ದೊಡ್ಡ ಸಾಹೇಬರೇ ಜೀಪು ಹತ್ತಿ ಬಂದರು. ಅಧ್ಯಕ್ಷರಿಲ್ಲ ಎಂದು ಅವರೂ ಬೇವಿನ ಮರದ ಕೆಳಗೆ ಕೂತರು. ಹಳ್ಳಕ್ಕೆ ಇಳಿದು ಪೂಲು ನೋಡಿ ಬಂದರು. ಸಾವಿತ್ರಿ ಅವರಿಗೆ ಕಳೆದ ವರ್ಷ ನೀರು ಎಲ್ಲಿಯತನಕ ಬಂದಿತ್ತು ಎಂದು ಜಾಲಿ ಮರದ ಟೊಂಗೆ ತೋರಿಸಿದಳು. ಕೊನೆಗೆ ಸಾಹೇಬರು ಹೊಸ ಪೂಲು ಮಾಡಿಕೊಡುವುದಾಗಿ ಕೈಯಾರೆ ಬರೆದು ಸಹಿ ಹಾಕಿದರು.

ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಕಾಕಾ ಮೈಯೆಲ್ಲ ಧೂಳು ಮಾಡಿಕೊಂಡು, ಮೊಪೆಡ್ ನೂಕುತ್ತ ಬಂದರು. ಗಾಡಿಗಳ ಸಾಲು ಕಂಡು ಅವರ ಮುಖ ಬಿಳಿಚಿಹೋಯಿತು.

"ಅಯ್ಯಯ್ಯ! ಇಷ್ಟು ಗಾಡಿ ಯಾಕ ನಿಂತಾವೋ?"

"ನೀವ ನಿಲ್ಲಿಸೀರಲ್ರೀ ಕಾಕಾರ!" ಎಂದು ಬಸಪ್ಪ ಅವರನ್ನು ಎತ್ತಿಯೇ ಬಿಟ್ಟ. ಜೀವಮಾನದಲ್ಲಿ ಒಂದು ಗಾಡಿಯನ್ನೂ ತಪ್ಪಿಸಬಾರದೆಂದಿದ್ದವರು, ಒಬ್ಬನಿಗೆ ಗಾಡಿ ಹಿಡಿಸಲು ಹೋಗಿ ಜಿಲ್ಲೆಯನ್ನೇ ನಿಲ್ಲಿಸಿಬಿಟ್ಟಿದ್ದರು!

ಊರಿನವರು ಕುಣಿದರು, ಗುಲಾಲು ಎರಚಿದರು. ಕಾಕಾ ಮಾತ್ರ ಗುಲಾಲು ಒರೆಸಿಕೊಂಡು ಗಾಡಿಗಳ ಕಡೆ ನಡೆದರು. ಹೊರಡಲು ಸಿದ್ಧವಾಗಿದ್ದ ಒಂದೊಂದೇ ಗಾಡಿಯನ್ನು ಹತ್ತಿ ಕೈ ಮುಗಿದು ಇಳಿಯುತ್ತಿದ್ದರು. ಅವರ ಹಿಂದೆ ನಾನಿದ್ದೆ. ಐದನೆಯ ಗಾಡಿಯ ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ತೊಡೆಯ ಮೇಲೆ ಒಂದು ಹೊಸ ಧೋತರ, ಅದರ ಮೇಲೊಂದು ಹೂವಿನ ಹಾರ. ಹಾರ ಬಿಸಿಲಿಗೆ ಬಾಡಿತ್ತು.

"ಎಲ್ಲಿಗೆ ಹೊಂಟೀರವ್ವಾ?"

"ಚಿಮ್ಮಡಕ್ಕಪ್ಪಾ. ನನ್ನ ತಮ್ಮ ತೀರಿಕೊಂಡಾನ. ಹನ್ನೆರಡಕ್ಕ ಮಣ್ಣು ಅಂದಿದ್ರು."

ಆಗ ಒಂದೂವರೆ. ಕಾಕಾ ಗಡಿಯಾರ ನೋಡಲಿಲ್ಲ, ಅವರಿಗೆ ನೋಡದೆಯೇ ಗೊತ್ತಿತ್ತು.

"ಅರ್ಜಂಟ್ ಐತೇನು ಅಂತ ಮುಂದಿನ ಗಾಡಿಯೊಳಗ ಎಲ್ಲಾರ್ನೂ ಕೇಳಾಕತ್ತಿದ್ದೆ. ನಿಮಗ ಕೇಳಸ್ಲಿಲ್ಲೇನವ್ವಾ?"

"ಕೇಳಸ್ತು. ಇಳದು ಬಂದು ಹೇಳೋಣು ಅಂದೆ. ಮತ್ತ, ಎಲ್ಲಾರೂ ಬದುಕಿದ್ದವರ ಕೆಲಸಕ್ಕ ಹೊಂಟಾರ. ನಂದು ಸತ್ತವನ ಕೆಲಸ, ಅದಕ್ಕೇನು ಅವಸರ ಅಂತ ಸುಮ್ಮ ಕುಂತೆ."

ಕಾಕಾ ಗಾಡಿಯಿಂದ ಇಳಿಯಲಿಲ್ಲ, ಅವಳ ಪಕ್ಕದಲ್ಲೇ ಕೂತರು. ಆ ಗಾಡಿ ಹೊರಟಾಗ ಅದರಲ್ಲೇ ಹೋದರು. ಚಿಮ್ಮಡದಲ್ಲಿ ಆಗಲೇ ಮಣ್ಣು ಮಾಡಿ ಆಗಿತ್ತಂತೆ. ಹಸಿ ಮಣ್ಣಿನ ಮೇಲೆ ಮುದುಕಿ ಹಾರ ಇಟ್ಟು, ಧೋತರ ಹೊದಿಸಿ ಕೂತಳಂತೆ. ಕಾಕಾ ದೂರ ನಿಂತಿದ್ದು, ಅವಳನ್ನು ಮತ್ತೆ ಜಮಖಂಡಿಯಾಚೆಯ ಅವಳ ಊರಿಗೆ ಬಿಟ್ಟು ಬಂದರು.

ಆಮೇಲೆ ಕಾಕಾ ಯಾವ ಹೋರಾಟಕ್ಕೂ ಹೋಗಲಿಲ್ಲ. ಆದರೆ ಆ ಗುರುವಾರದ್ದು ತಪ್ಪು ಎಂದೂ ಹೇಳಲಿಲ್ಲ. ಒಮ್ಮೆ ನಾನೇ ಕೇಳಿದೆ, ಸರಿಯೋ ತಪ್ಪೋ ಹೇಳಿಬಿಡಿ ಎಂದು.

"ಗೊತ್ತಿಲ್ಲ ತಂಗಿ. ಪೂಲೂ ಖರೆ. ಆ ಅವ್ವನ ತಮ್ಮನೂ ಖರೆ."

ವರ್ಷಕ್ಕೆ ಎರಡು ಮೂರು ಸಲ ಬಾಳೆಹಣ್ಣು ಕಟ್ಟಿಕೊಂಡು ಆ ಮುದುಕಿಯ ಊರಿಗೆ ಹೋಗುತ್ತಿದ್ದರು. ಹೋಗಿ, "ತಪ್ಪಾತವ್ವಾ" ಎಂದು ಕೈ ಮುಗಿದು, ಚಹಾ ಕುಡಿದು ಬರುತ್ತಿದ್ದರು. ಯಾತಕ್ಕೆ ರಸ್ತೆ ತಡೆದೆವೆಂದು ಒಂದು ದಿನವೂ ಹೇಳಲಿಲ್ಲ. ಯಾಕೆಂದು ಕೇಳಿದರೆ, "ಕಾರಣ ಹೇಳಿದರ ನನ್ನ ತಪ್ಪು ನಾನ ಮುಚ್ಚಿಕೊಂಡಂಗ ಆಗ್ತೈತಿ" ಎನ್ನುತ್ತಿದ್ದರು.

ಪೂಲಿನ ಕೆಲಸ ಮುಗಿಯಲು ಮತ್ತೆರಡು ಮಳೆಗಾಲ ಹಿಡಿಯಿತು. ರೋಕೋ ನಡೆದ ವರ್ಷವೇ ಸಾವಿತ್ರಿಯನ್ನು ಬಸಪ್ಪ ಜಮಖಂಡಿಯ ನನ್ನ ಮನೆಯಲ್ಲಿ ತಂದು ಬಿಟ್ಟ. ಅಷ್ಟು ಹೋರಾಡಿ ಮಗಳ ಶಾಲೆ ಬಿಡಿಸಲು ಅವನಿಗೂ ಮುಖವಿರಲಿಲ್ಲ. ಅವಳು ಹತ್ತನೆಯದು ಪಾಸಾಗಿ ಕಾಲೇಜು ಸೇರಿದಳು.

ಹೊಸ ಪೂಲಿನ ಉದ್ಘಾಟನೆ ಮಳೆಗಾಲದ ನಡುವೆಯೇ ಆಯಿತು. ಹೊಳೆ ತುಂಬಿ ಹಳ್ಳಕ್ಕೆ ನೀರು ಬಂದಿತ್ತು, ಆದರೆ ಪೂಲಿನ ಕೆಳಗೆ ಬಹಳ ಆಳದಲ್ಲಿ. ಪೆಂಡಾಲು, ಹಾರ, ಭಾಷಣ, ಎಲ್ಲ ಇತ್ತು. ಮಾಜಿ ಅಧ್ಯಕ್ಷರೇ ಇರಲಿಲ್ಲ. ಹುಡುಕಿಕೊಂಡು ಹೋದರೆ ಪೂಲಿನ ಆ ತುದಿಗೆ ಕಟ್ಟೆಯ ಹತ್ತಿರ ನಿಂತಿದ್ದರು. ಪಕ್ಕದಲ್ಲಿ ಆ ಮುದುಕಿ. ಬೆಳಗಿನ ಗಾಡಿಗೆ ಹೋಗಿ ಕರೆದುಕೊಂಡು ಬಂದಿದ್ದರು. ಅಷ್ಟರಲ್ಲಿ ರಿಬ್ಬನ್ ಕತ್ತರಿಸಿ ಆಗಿ, ಊರಿನ ಹುಡುಗಿಯರು ಸಮವಸ್ತ್ರದಲ್ಲಿ ಪಾಟಿಚೀಲ ಹಾಕಿಕೊಂಡು ಪೂಲಿನ ಮೇಲೆ ಬರತೊಡಗಿದರು. ಮುದುಕಿ ಕಣ್ಣ ಮೇಲೆ ಕೈಯಿಟ್ಟು ನೋಡಿದಳು.

"ಇವು ಎಲ್ಲಾ ನಿಮ್ಮೂರ ಹುಡುಗ್ಯಾರೇನಪ್ಪಾ?"

"ಹೌದವ್ವಾ."

"ಸಾಲಿಗೆ ಹೊಂಟಾವೇನು?"

"ಹೂನವ್ವಾ. ಇನ್ನ ಮಳಿಗಾಲದಾಗೂ ಹೋಗ್ತಾವು."

ಅವಳು ಹುಡುಗಿಯರನ್ನು ನೋಡಿದಳು, ಕೆಳಗಿನ ನೀರನ್ನು ನೋಡಿದಳು.

"ಅವತ್ತ ನೀವು ಇದಕ್ಕ ಕುಂತಿದ್ರೇನು?"

ಕಾಕಾ ತಲೆಯಾಡಿಸಿದರು.

"ಅದನ್ನ ಅವತ್ತ ಹೇಳಬಾರದೇನೋ ಹುಚ್ಚಪ್ಪಾ? ಹೇಳಿದ್ದರ ನಾನೂ ಗಾಡಿ ಇಳದು ನಿಮ್ಮ ಸಂಗಟ ಕುಂದರತಿದ್ದೆ."

ಎಪ್ಪತ್ತರ ಹತ್ತಿರದ ನಮ್ಮ ಕಾಕಾ ಪೂಲಿನ ಕಟ್ಟೆ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ನನಗೂ ತಡೆಯಲಾಗಲಿಲ್ಲ. ಮುದುಕಿ ಸೆರಗಿನಿಂದ ಅವರ ಮುಖ ಒರೆಸಿದಳು. ಆಮೇಲೆ ಅವರ ತೋಳು ಹಿಡಿದುಕೊಂಡಳು.

"ಸಾಕು, ನಡಿ ಇನ್ನ. ನನ್ನನ್ನ ಆಚಿ ದಂಡಿತನಕ ನಡಸಿಕೊಂಡು ಹೋಗು. ಎಲ್ಲಾ ನೋಡತೇನಿ. ನಾಳೆ ನಾ ಮ್ಯಾಲ ಹೋದಾಗ ನನ್ನ ತಮ್ಮಗ ಹೇಳಬೇಕಲ್ಲ, ನಿನ್ನ ಮಣ್ಣಿಗೆ ಅಕ್ಕ ಯಾಕ ಬರಲಿಲ್ಲ ಅಂತ."